ನವಿಲು ಡ್ರೆಸ್ಸು ಯಾರ ಮೈಮೇಲೆ?

ನನ್ನ ನೆನಪಿನ ಮೇಲೆ ಅನುಮಾನ ಇರುವವರು ಈಗಲೇ ಫೋನ್ ಕೆಳಗಿಟ್ಟು ಎದ್ದು ಹೋಗಿ. ಹೋದ ವಾರ ಒಬ್ಬ ಮಹಾನುಭಾವ ಬರೆದಿದ್ದಾನೆ: "ಟೈಲರ್ ರಂಗಣ್ಣಂಗೆ ಎಪ್ಪತ್ತೆರಡಾತು, ಇಸ್ವಿ ಎಲ್ಲಾ ಕಲಸ್ಕಂಡವ್ನೆ." ಕಲಸಿಕೊಳ್ಳುವುದಕ್ಕೆ ಇದೇನು ಅನ್ನ ಸಾರೇನಯ್ಯಾ? ಎರಡು ಸಾವಿರದ ಏಳು, ಶ್ರಾವಣ, ಗುರುವಾರ. ಆ ದಿನ ಬೆಳಿಗ್ಗೆ ನನ್ನ ಮೆಷಿನ್ನಿನ ಮೇಲಿದ್ದದ್ದು ಕ್ಯಾತ್ಸಂದ್ರದ ಟೀಚರಮ್ಮನ ರವಿಕೆ. ಗಿಣಿ ಹಸಿರು. ಅದಕ್ಕೆ ತಕ್ಕ ದಾರ ಸಿಗದೆ ಮೂರು ಅಂಗಡಿ ಅಲೆದಿದ್ದೆ. ದಾರದ ಬಣ್ಣ ನೆನಪಿರುವವನಿಗೆ ಇಸವಿ ಮರೆಯುತ್ತದೆಯೇ?

ಹಿಂದಿನ ಸಲ ಹೇಳಿದ್ದು ಒಂದೇ ಉಸಿರಿನಲ್ಲಿ: ತುಮಕೂರಿನ ಬಟವಾಡಿಯಲ್ಲಿ ನನ್ನ ಅಂಗಡಿಗೆ ಅಂಟಿಕೊಂಡಿದ್ದ ಸೈಬರಿನಲ್ಲಿ, 'ಏಳು ಕೋಟೆ' ಅನ್ನುವ ಆನ್‌ಲೈನ್ ಆಟದೊಳಗೆ, ಗುಬ್ಬಿಯ ತೇಜಸ್ವಿನಿ ಗೆದ್ದಿದ್ದ ನವಿಲು ಡ್ರೆಸ್ಸು ಮಾಯವಾಗಿತ್ತು; ಕದ್ದವನು ಅಲ್ಲಿ ಕೆಲಸಕ್ಕಿದ್ದ ಕಾಂತೇಶ ಅಂತ ಓನರ್ ಅನಂತರಾಜು ತೀರ್ಮಾನ ಮಾಡಿಬಿಟ್ಟಿದ್ದ.

ಆ ಗುರುವಾರ ಹನ್ನೊಂದು ಗಂಟೆಗೆ ನಾನು ಸೈಬರಿಗೆ ಕಾಲಿಟ್ಟಾಗ ಅನಂತರಾಜು ಕಾಂತೇಶನ ಕೈಯಿಂದ ಅಂಗಡಿಯ ಬೀಗದ ಕೈ ಕಿತ್ತುಕೊಳ್ಳುತ್ತಿದ್ದ.

"ಕೊಡ್ಲಾ ಇಲ್ಲಿ. ಕುಣಿಗಲ್‌ನಲ್ಲಿ ಹೊಸ ಅಂಗ್ಡಿ ಮಾಡಿ ನಿನ್ನ ಕೂರಿಸ್ತೀನಿ ಅಂದಿದ್ನಲ್ಲ, ನಂಗೆ ಬುದ್ಧಿ ಇರ್ಲಿಲ್ಲ. ಆ ಹುಡ್ಗಿ ಅಪ್ಪ ಐದು ಗಂಟೆಗೆ ಗುಬ್ಬಿಯಿಂದ ಬತ್ತಾವ್ನೆ. ಅಷ್ಟ್ರಲ್ಲಿ ಡ್ರೆಸ್ ಬರ್ಲಿಲ್ಲ ಅಂದ್ರೆ ಸೀದಾ ಸ್ಟೇಷನ್‌ಗೆ ನಡಿ."

"ಅಣ್ಣಾ, ನಾನ್ ಮುಟ್ಟಿಲ್ಲ."

"ಎಲ್ರ ಪಾಸ್‌ವರ್ಡೂ ಇಟ್ಟಿರೋನು ನೀನೊಬ್ನೇ. ಇನ್ಯಾರು, ನಮ್ಮಜ್ಜಿ ಬಂದು ಕದ್ಲಾ?"

ಕಾಂತೇಶ ಯಡಿಯೂರಿನವನು. ಇಪ್ಪತ್ನಾಲ್ಕು ವಯಸ್ಸು, ಮೂರು ವರ್ಷದಿಂದ ಈ ಸೈಬರೇ ಅವನ ಮನೆ. ಕುಣಿಗಲ್ ಅಂಗಡಿ ಅವನ ಕೈಗೆ ಬರುವುದಿತ್ತು. ಈಗ ಕಳ್ಳ ಅನ್ನುವ ಹೆಸರೊಂದು ಅಂಟಿಕೊಂಡರೆ ಕುಣಿಗಲ್ ಇರಲಿ, ಯಡಿಯೂರಿಗೂ ಮುಖ ತೋರಿಸುವ ಹಾಗಿರಲಿಲ್ಲ.

ನಾನು ಅವನನ್ನು ನನ್ನ ಅಂಗಡಿಗೆ ಎಳೆದುಕೊಂಡು ಬಂದು ಸ್ಟೂಲಿನ ಮೇಲೆ ಕೂರಿಸಿದೆ.

"ಈಗ ಹೇಳು. ಆ ಡ್ರೆಸ್ ಹಾಕ್ಕಂಡ್ರೆ ಆಟದಲ್ಲಿ ಬಲ ಜಾಸ್ತಿ ಆಯ್ತದಾ?"

"ಇಲ್ಲ ರಂಗಣ್ಣ. ಬಲ ಇಲ್ಲ, ಏನಿಲ್ಲ. ಬರೀ ಚೆಂದಕ್ಕೆ."

"ಯಾರ್ ಬೇಕಾದ್ರೂ ಹಾಕ್ಕಬೋದಾ?"

"ಎಲ್ಲಾದ್ರೂ ಉಂಟಾ? ಭಾರಿ ಕಟ್ಟುನಿಟ್ಟು. ಹೆಣ್ಣು ಪಾತ್ರಾನೇ ಆಗ್ಬೇಕು. ಅದ್ರಲ್ಲೂ ಬಿಲ್ಲು ಹಿಡಿಯೋಳೇ ಆಗ್ಬೇಕು. ಕತ್ತಿಯೋರು, ವೈದ್ಯರು, ಮಾಟದೋರು ಯಾರೂ ಹಾಕಂಗಿಲ್ಲ. ಒಂದ್ಸಲ ಮೈಮೇಲೆ ಹಾಕ್ಕಂಡ್ರೆ ಮುಗೀತು, ಮಾರಂಗಿಲ್ಲ, ಇನ್ನೊಬ್ರಿಗೆ ದಾನಾನೂ ಮಾಡಂಗಿಲ್ಲ."

"ನಿಂದ್ಯಾವ್ ಪಾತ್ರ?"

"ಕತ್ತಿಯೋನು. ಯಡಿಯೂರ್ ಹುಲಿ ಅಂತ."

ನನಗೆ ನಗು ಬಂತು. ಗಂಡಸು, ಅದರಲ್ಲೂ ಕತ್ತಿಯವನು, ಉಡುವ ಹಾಗಿಲ್ಲ, ಮಾರುವ ಹಾಗಿಲ್ಲ. ಅಳತೆ ಕೊಟ್ಟು ಹೊಲಿಸಿದ ರವಿಕೆ ಕದ್ದವನ ಪಾಡು. ಬೇಕು ಅಂತ ಕದ್ದ ಕಳ್ಳತನ ಇದಲ್ಲ. ಅವಳ ಮೈಮೇಲೆ ಇರಬಾರದು ಅಂತ ಮಾಡಿದ ಕೆಲಸ. ಹೊಟ್ಟೆಕಿಚ್ಚು.

ಹೊಟ್ಟೆಕಿಚ್ಚಿಗೇನು ಬರವಿತ್ತೇ? ಡ್ರೆಸ್ಸು ಬಂದ ದಿನ ಸೈಬರಿನ ಎಂಟು ಕ್ಯಾಬಿನ್ನಿನವರೂ ಎದ್ದು ಬಂದು ತೇಜಸ್ವಿನಿಯ ಬೆನ್ನ ಹಿಂದೆ ನಿಂತಿದ್ದರು. ಪರದೆಯ ಮೇಲೆ ಅವಳ ಬಿಲ್ಲುಗಾತಿ ನಡೆದರೆ ನೂರು ಕಣ್ಣಿನ ಸೆರಗು ನೆಲ ಗುಡಿಸುತ್ತಿತ್ತು. ನಿಜ ಹೇಳಲೇ? ನನಗೂ ಉರಿಯಿತು. ನಲವತ್ತು ವರ್ಷ ಹೊಲಿದಿದ್ದೇನೆ, ನಾನು ಹೊಲಿದ ಒಂದು ಬಟ್ಟೆಯ ಹಿಂದೆ ಅಷ್ಟು ಜನ ನಿಂತಿದ್ದನ್ನು ಕಂಡಿಲ್ಲ. ಮುಟ್ಟಿದರೆ ಕೈಗೆ ಸಿಗದ ಬಟ್ಟೆಗೆ ಆ ಮರ್ಯಾದೆ!

ಆದರೂ ಆ ಡ್ರೆಸ್ಸಿನಲ್ಲಿ ನನ್ನ ಕೈಯೂ ಇತ್ತು. ಆಟದವರು ಅಂಚಿಗೆ ಮಾತ್ರ ನಮಗೆ ಬೇಕಾದ ಬಣ್ಣ ಹಾಕಲು ಬಿಡುತ್ತಿದ್ದರು, ಅದೂ ಒಂದೇ ಸಲ. ತೇಜಸ್ವಿನಿ ತನ್ನ ಅಜ್ಜಿ ದೊಡ್ಡಗಂಗಮ್ಮನ ಸೀರೆಯ ತುಂಡು ತಂದಿದ್ದಳು. ಬದನೆಕಾಯಿ ಬಣ್ಣ, ಒಳಗೆ ತಾಮ್ರದ ಮಿಂಚು. ಎರಡು ಮಧ್ಯಾಹ್ನ ನಾನು ಆ ತುಂಡನ್ನು ಮಾನಿಟರಿಗೆ ಹಿಡಿದು, "ಇನ್ನೊಂಚೂರು ಕೆಂಪು, ಸಾಕು ಸಾಕು" ಅಂತ ಬಣ್ಣ ಕೂಡಿಸಿ ಕೊಟ್ಟೆ. ಗಿರಾಕಿಯ ಬಟ್ಟೆ ಚೂರನ್ನು ಅಳತೆ ಪುಸ್ತಕಕ್ಕೆ ಪಿನ್ನು ಹಾಕಿ ಇಡುವುದು ನನ್ನ ರೂಢಿ. ಅದನ್ನೂ ಇಟ್ಟಿದ್ದೆ.

"ಡ್ರೆಸ್ ಹೋಗಿದ್ದು ಯಾವಾಗ್ಲಾ?"

"ಭಾನ್ವಾರ ತೇಜಸ್ವಿನಿ ಅದ್ನ ತೆಗ್ದು ಆಟದೊಳ್ಗಿನ ಪೆಟ್ಗೇಲಿ ಇಟ್ಟು ಯುದ್ಧಕ್ಕೆ ಹೋದ್ಲು. ಬುಧ್ವಾರ ಬಂದು ನೋಡುದ್ರೆ ಪೆಟ್ಗೆ ಖಾಲಿ."

"ದಯಾನಂದ?"

ದಯಾನಂದ ಅಲ್ಲಿನ ಇನ್ನೊಬ್ಬ ಕೆಲಸದವನು. ಕುಣಿಗಲ್ ಅಂಗಡಿ ತನಗೆ ಸಿಗಲಿಲ್ಲ ಅಂತ ಕುದಿಯುತ್ತಿದ್ದ.

"ಶನಿವಾರದಿಂದ ಕುಣಿಗಲ್‌ನಲ್ಲಿ ಕೇಬಲ್ ಎಳೀತಾವ್ನೆ. ಅಲ್ಲಿನ್ನೂ ನೆಟ್ ಲೈನೇ ಬಂದಿಲ್ಲ."

"ಸರಿ. ಪಾಸ್‌ವರ್ಡ್ ಎಲ್ಲ ಎಲ್ಲಿ ಬರ್ದಿಟ್ಟಿದೀಯ?"

ಕಾಂತೇಶ ತಲೆ ತಗ್ಗಿಸಿದ. "ಬರ್ದಿಲ್ಲ ರಂಗಣ್ಣ. ಜನ ದಿನಾ ಮರ್ತ್ಕಂಡು ಬಂದು ನನ್ ತಲೆ ತಿನ್ನೋರು. ಅದುಕ್ಕೆ ಎಲ್ರಿಗೂ ಅವ್ರವ್ರ ಮನೆದೇವ್ರ ಹೆಸ್ರನ್ನೇ ಹಾಕ್ಕೊಟ್ಟೆ. ಮನೆದೇವ್ರನ್ನ ಯಾರ್ ಮರೀತಾರೆ?"

ಅಯ್ಯೋ ಶಿವನೇ! ಇಡೀ ಬಟವಾಡಿಯ ಬೀಗಕ್ಕೆ ದೇವರೇ ಕೀಲಿಕೈ.

ಆದರೆ ಆ ಮಾತಿನಲ್ಲೇ ನನಗೆ ದಾರಿ ಸಿಕ್ಕಿತು. ಗುಬ್ಬಿಯವಳು ಅಂದರೆ ಯಾರಾದರೂ ಗುಬ್ಬಿಯ ದೇವರನ್ನೇ ಊಹಿಸುತ್ತಾರೆ. ತೇಜಸ್ವಿನಿಯ ಮನೆದೇವರು ಸೀಬಿ ನರಸಿಂಹ ಅಂತ ಕಾಂತೇಶನೇ ಹೇಳಿದ. ಅವನನ್ನು ಬಿಟ್ಟರೆ ಅದು ಗೊತ್ತಿರುವುದು ಅವಳ ವಂಶದವರಿಗೆ ಮಾತ್ರ. ಆ ವಂಶದ ಇನ್ನೊಂದು ಹುಡುಗಿ ತುಮಕೂರಿನಲ್ಲೇ ಇದ್ದಳು.

ಮಧ್ಯಾಹ್ನ ಮುದ್ದೆ ಮುರಿಯುತ್ತಾ ನಮ್ಮ ಗಂಗಲಕ್ಷ್ಮಿಗೆ ಎಲ್ಲವನ್ನೂ ಹೇಳಿದೆ. ನನ್ನ ಮಗಳು, ಪಿಯುಸಿ ಮುಗಿಸಿ ಅಂಗಡಿಯಲ್ಲಿ ಹೆಮ್ಮಿಂಗು, ಕಾಜಾ, ಗುಂಡಿ ನೋಡಿಕೊಳ್ಳುತ್ತಿದ್ದಳು. ದಿನಾ ಒಂದು ಗಂಟೆ ಪಕ್ಕದ ಸೈಬರಿಗೆ ಹೋಗಿ ಕಾಂತೇಶನ ಹತ್ತಿರ ಟೈಪಿಂಗ್ ಕಲಿಯುವಳು. ಬಾಯಿ ಕಟ್ಟುವುದು ನನ್ನಿಂದ ಯಾವತ್ತೂ ಆಗಿಲ್ಲ. ಐದಕ್ಕೆ ಅಪ್ಪ ಬರುವುದು, ಸೀಬಿ ನರಸಿಂಹ, ಎಲ್ಲಾ ಒದರಿದೆ.

ಅವಳು ನನ್ನ ತಟ್ಟೆಗೆ ಸಾರು ಬಡಿಸಿದಳು. ಆಮೇಲೆ, "ಅಪ್ಪಾ, ನನ್ ಚೂಡಿದಾರ್ ಪೀಸು ಎರಡು ತಿಂಗ್ಳಿಂದ ಬಿದ್ದದೆ," ಅಂದಳು.

"ನೋಡಣ ಬುಡವ್ವ. ಹೊರಗಿನೋರ ಕೆಲ್ಸ ಮುಗೀಲಿ."

"ಚಪ್ಲಿ?"

"ಬಾರು ಹೊಲ್ದಿಟ್ಟಿದೀನಿ ನೋಡು." ಕಿತ್ತುಹೋಗಿದ್ದ ಬಾರನ್ನು ಬೆಳಿಗ್ಗೆಯೇ ಮೆಷಿನ್ನಿಗೆ ಕೊಟ್ಟಿದ್ದೆ. ಅವಳು ಅದನ್ನು ಮೆಟ್ಟಿಕೊಂಡು ಹೋದಳು. ನಾನು ಸಿಟಿ ಬಸ್ ಹತ್ತಿದೆ.

ತನುಶ್ರೀ ಇದ್ದದ್ದು ಶೆಟ್ಟಿಹಳ್ಳಿಯಲ್ಲಿ, ಮಹಡಿಯ ಮೇಲಿನ ಬಾಡಿಗೆ ರೂಮು. ತೇಜಸ್ವಿನಿಯ ಚಿಕ್ಕಪ್ಪನ ಮಗಳು, ಒಂದೇ ಕಾಲೇಜು, ಒಂದೇ ರೂಮು. ತೇಜಸ್ವಿನಿ ಕಾಲೇಜಿಗೆ ಹೋಗಿದ್ದಳು, ಇವಳು ಒಬ್ಬಳೇ ಬಟ್ಟೆ ಒಣಹಾಕುತ್ತಿದ್ದಳು.

"ಭಾನ್ವಾರ ಆದ್ಮೇಲೆ ನಿನ್ನಕ್ಕನ ಪಾತ್ರ ಓಪನ್ ಮಾಡಿದ್ದು ನೀನೇ ಅಲ್ವೇನವ್ವಾ?" ನಾನು ಬಾಗಿಲಲ್ಲೇ ಕೇಳಿದೆ. ನನಗೆ ಸುತ್ತಿ ಬಳಸಿ ಬರುವುದಿಲ್ಲ.

"ಯಾರ್ ಹೇಳಿದ್ದು?"

"ಸೀಬಿ ನರಸಿಂಹ ಹೇಳ್ದ."

ಕೈಯಲ್ಲಿದ್ದ ಕ್ಲಿಪ್ಪು ಕೆಳಗೆ ಬಿತ್ತು. ಅದನ್ನು ಎತ್ತಿಕೊಂಡು, ಉಗಿಯುವ ಹಾಗೆ ಮಾತಾಡಿದಳು.

"ಹೂಂ ಅಂಕಲ್, ಮಾಡ್ದೆ. ಏನೀಗ? ಆ ಡ್ರೆಸ್ ಗೆದ್ದಿದ್ದು ಯಾರು ಗೊತ್ತಾ? ನಾನು. ಕಾಂಪಿಟೇಶನ್ ದಿನ ಅವ್ಳಿಗೆ ಇಂಟರ್ನಲ್ಸ್ ಇತ್ತು. 'ತನೂ, ನನ್ ಪಾತ್ರ ನೀನ್ ಆಡೇ' ಅಂದ್ಲು. ಐದು ಗಂಟೆ ಕೂತು ಬೆರಳು ಸವೆಸಿ ಗೆದ್ದೆ. ಡ್ರೆಸ್ ಬಂದಿದ್ದು ಅವ್ಳ ಪಾತ್ರಕ್ಕೆ. ಸೈಬರ್ ಮುಂದಿನ ಫ್ಲೆಕ್ಸ್‌ನಲ್ಲಿ ಹೆಸ್ರು ಅವ್ಳದ್ದು. ನಂದು ವೈದ್ಯೆ ಪಾತ್ರ, ಡ್ರೆಸ್ ಕೊಟ್ರೂ ಹಾಕ್ಕೊಳೋ ಹಂಗಿಲ್ಲ. ಒಂದ್ಸಲ, ಒಂದೇ ಒಂದ್ಸಲ 'ಇವ್ಳೇ ಗೆದ್ದಿದ್ದು' ಅಂತ ಯಾರ್ಗಾದ್ರೂ ಹೇಳ್ಬೋದಿತ್ತಲ್ವಾ?"

"ಅದುಕ್ಕೆ ಕದ್ದೆ."

"ಕದಿಯೋಕೆ ಆಗಲ್ಲ ಅಂಕಲ್. ಸುಟ್ ಹಾಕೋಣ ಅಂತ ಹೋದೆ. 'ನಾಶ ಮಾಡು' ಅಂತ ಒಂದ್ ಬಟನ್ ಇದೆ. ಆದ್ರೆ ಪೆಟ್ಗೆ ತೆಗೆದ್ರೆ ಆಗ್ಲೇ ಖಾಲಿ. ನಿಮ್ಮಾಣೆ."

ಸುಳ್ಳು ಹೇಳುವವರು ಇಷ್ಟು ಕೆಟ್ಟ ಆಸೆಯನ್ನು ತಾವಾಗಿ ಒಪ್ಪಿಕೊಳ್ಳುವುದಿಲ್ಲ. ನಾನು ನಂಬಿದೆ. ಆದರೆ ಅವಳ ಕಣ್ಣು ಇನ್ನೂ ಒಂದನ್ನು ಬಚ್ಚಿಟ್ಟಿತ್ತು.

"ಪೆಟ್ಗೇಲಿ ಇನ್ನೇನಿತ್ತು?"

"ಏನಿಲ್ಲ."

"ತನುಶ್ರೀ. ಐದಕ್ಕೆ ನಿಮ್ ದೊಡ್ಡಪ್ಪ ಬತ್ತಾರೆ. ಕಾಂತೇಶನ್ನ ಸ್ಟೇಷನ್‌ಗೆ ಕಳಿಸ್ತಾರೆ. ನಿಂಗದು ಆಗ್ಬೇಕಾ?"

ಕಾಂತೇಶ ಅಂದ ಕೂಡಲೇ ಅವಳ ಮುಖ ಬೇರೆಯಾಯಿತು.

"ಅವ್ನ ಹೆಸ್ರೇ ಇತ್ತು ಅಲ್ಲಿ," ಅಂದಳು. "ಒಂದು ನೋಟಿಸ್. 'ಯಡಿಯೂರ್ ಹುಲಿ ಜೊತೆ ನಿಮ್ಮ ಮದುವೆ ಮುರಿದಿದೆ' ಅಂತ. ಓಕೆ ಒತ್ದೆ, ಹೊಂಟೋಯ್ತು. ಅವ್ಳಿನ್ನೂ ನೋಡೇ ಇಲ್ಲ."

"ಮದ್ವೆ?"

"ಆಟದೊಳ್ಗೆ ಅಂಕಲ್. ಮದ್ವೆ ಆದ್ರೆ ಇಬ್ರಿಗೂ ಪೆಟ್ಗೆ ಒಂದೇ, ಬಾಣ, ಔಷಧಿ ಹಂಚ್ಕೊಳೋಕೆ ಸುಲಭ ಅಂತ ಮಾಡ್ಕೊತಾರೆ. ಆದ್ರೆ ರೂಲ್ಸ್ ಏನ್ ಗೊತ್ತಾ? ಮದ್ವೆ ಮುರುದ್ರೆ ಪೆಟ್ಗೇಲಿ ಇರೋದೆಲ್ಲ ಗಂಡನ ಪಾಲಿಗೆ. ಅವ್ನು ಇನ್ನೊಬ್ಳನ್ನ ಮದ್ವೆ ಆದ್ರೆ ಅವ್ಳ ಪಾಲಿಗೆ. ಯಾರ್ಗೂ ಕೊಡಂಗಿಲ್ಲದ ಡ್ರೆಸ್ಸು ಅದೊಂದೇ ದಾರೀಲಿ ಕೈ ಬದ್ಲಾಗೋದು." ಅವಳು ಮೂಗು ಒರೆಸಿಕೊಂಡಳು. "ಡ್ರೆಸ್ಸೂ ಅವ್ಳಿಗೇ. ಅವ್ನೂ ಅವ್ಳಿಗೇ. ನಂಗೆ ಹೇಳೂ ಇಲ್ಲ ಇಬ್ರೂ."

ನಾನು ಮೆಟ್ಟಿಲ ಮೇಲೆ ಕೂತುಬಿಟ್ಟೆ. ನಮ್ಮ ಕಡೆ ಸಂಬಂಧ ಮುರಿದರೆ ಧಾರೆ ಸೀರೆ ಯಾರದ್ದು, ಓಲೆ ಯಾರದ್ದು ಅಂತ ಹಿರಿಯರು ಮೂರು ದಿನ ಕೂರುತ್ತಾರೆ. ಇಲ್ಲಿ ಒಂದು ಬಟನ್ ಒತ್ತಿದರೆ ತೀರ್ಮಾನ.

ಕಾಂತೇಶ ನನಗೇ ಸುಳ್ಳು ಹೇಳಿದ್ದ.

ಅಂಗಡಿಗೆ ವಾಪಸು ಬಂದವನೇ ಗಂಗಲಕ್ಷ್ಮಿಗೆ, "ಅಳತೆ ಪುಸ್ತಕ ತಗಂಡೋಗಿ ಸೈಬರ್ ಕೌಂಟರ್ ಮೇಲೆ ಇಟ್ಟಿರು, ಬೇಕಾಯ್ತದೆ," ಅಂದೆ. ಅವಳು ತಲೆಯಾಡಿಸಿದಳು.

ಕಾಂತೇಶನನ್ನು ಹಿತ್ತಲಿಗೆ ಕರೆದುಕೊಂಡು ಹೋಗಿ ಕೊರಳಪಟ್ಟಿ ಹಿಡಿದೆ.

"ನಾಚ್ಕೆ ಆಗಲ್ವೇನ್ಲಾ? ಮದ್ವೆ ವಿಷ್ಯ ಯಾಕ್ ಮುಚ್ಚಿಟ್ಟೆ?"

ಅವನು ಬಿಡಿಸಿಕೊಳ್ಳಲಿಲ್ಲ. "ಅವ್ಳಪ್ಪಂಗೆ ಆಟ ಗೊತ್ತಾ ರಂಗಣ್ಣ? 'ನಿನ್ ಮಗ್ಳು ಸೈಬರ್ ಹುಡ್ಗನ್ನ ಮದ್ವೆ ಆಗವ್ಳೆ' ಅಂದ್ರೆ ಅವತ್ತೇ ಕಾಲೇಜು ಬಿಡ್ಸಿ ಕರ್ಕಂಡೋಗ್ತಾರೆ. ನನ್ನ ಕಳ್ಳ ಅಂದ್ರೆ ಅನ್ಲಿ ಬುಡಿ."

"ಮತ್ಯಾಕ್ಲಾ ಮುರ್ದೆ?"

"ಏನ್ ಮುರ್ದೆ?" ಅವನು ಬಾಯಿ ತೆರೆದು ನಿಂತ. "ಮದ್ವೆ ಮುರೀತಾ?"

ಆ ಮುಖ ನಾಟಕದ್ದಲ್ಲ. ಅಂದರೆ ಯಾರೋ ಯಡಿಯೂರು ಹುಲಿಯ ಚರ್ಮ ಹೊದ್ದು ಒಳಗೆ ಹೊಕ್ಕು ಮದುವೆ ಮುರಿದಿದ್ದರು. ಅವನ ಪಾಸ್‌ವರ್ಡ್ ಏನು ಅಂತ ಕೇಳುವ ಅಗತ್ಯವೂ ಇರಲಿಲ್ಲ. ಯಡಿಯೂರಿನವನ ಮನೆದೇವರು ಸಿದ್ಧಲಿಂಗೇಶ್ವರ ಅಂತ ತುಮಕೂರಿನ ಆಟೋದವರಿಗೂ ಗೊತ್ತು.

ಐದೂ ಹತ್ತಕ್ಕೆ ತೇಜಸ್ವಿನಿಯ ಅಪ್ಪ ಪುಟ್ಟರಂಗಯ್ಯ ಬಂದ. ಬಿಳಿ ಪಂಚೆ, ಹೆಗಲ ಮೇಲೆ ಟವೆಲ್ಲು, ಕೈಯಲ್ಲಿ ಮಗಳಿಗೆ ತಂದ ಎರಡು ತೆಂಗಿನಕಾಯಿ. ಅನಂತರಾಜು ಅವತ್ತು ಗಿರಾಕಿಗಳಿಗೆ ಸೈಬರ್ ಮುಚ್ಚಿದ್ದ. ಕೌಂಟರಿನ ಹತ್ತಿರ ನಾವು ಆರು ಜನ: ಅವನು, ಪುಟ್ಟರಂಗಯ್ಯ, ತೇಜಸ್ವಿನಿ, ತನುಶ್ರೀ, ಕಾಂತೇಶ, ನಾನು. ನನ್ನ ಅಳತೆ ಪುಸ್ತಕ ಕೌಂಟರಿನ ಮೇಲೆ ಆಗಲೇ ಬಂದು ಕೂತಿತ್ತು.

"ಏನ್ ಡ್ರೆಸ್ಸವ್ವ ಕದ್ದಿರೋದು?" ಪುಟ್ಟರಂಗಯ್ಯ ಮಗಳನ್ನು ಕೇಳಿದ. "ನಾನ್ ಯುಗಾದಿಗೆ ಕೊಡ್ಸಿದ್ದಾ?"

"ಅಲ್ಲಪ್ಪ, ಕಂಪ್ಯೂಟ್ರು ಒಳ್ಗಿಂದು."

"ಒಳ್ಗೆ ಯಾಕೆ ಒಣಾಕಿದ್ದೆ?"

ಯಾರೂ ನಗಲಿಲ್ಲ. ಅನಂತರಾಜು ದೊಡ್ಡ ಮಾನಿಟರಿನಲ್ಲಿ ತೇಜಸ್ವಿನಿಯ ಪಾತ್ರವನ್ನು ತೆರೆದು ತೋರಿಸಿದ. ಕೋಟೆಯ ಅಂಗಳದಲ್ಲಿ ಬಿಲ್ಲುಗಾತಿ ಸಾದಾ ಚರ್ಮದ ಅಂಗಿಯಲ್ಲಿ ಬಡವಿಯ ಹಾಗೆ ನಿಂತಿದ್ದಳು.

"ನೋಡಿ ಯಜಮಾನ್ರೇ, ಭಾನ್ವಾರದ ದಿನ ಆಟದ ಕಂಪ್ನಿಯೋರು ಫೋಟೋ ತೆಗ್ಯಾಕೆ ಬತ್ತಾರೆ. ಇವಾಗ ಏನ್ ತೋರ್ಸ್ಲಿ? ಈ ನನ್ ಮಗ ಕದ್ದವ್ನೆ."

"ಇವ್ನೇ ಕದ್ದ ಅಂತ ಹೆಂಗೇಳ್ತೀಯ?" ಅಂತ ನಾನು ಶುರುಮಾಡಿದೆ. "ಆ ಡ್ರೆಸ್ ಕೈ ಬದಲಾಗೋಕೆ ಇರೋದು ಒಂದೇ ದಾರಿ. ಅದು..."

ತೇಜಸ್ವಿನಿ ನನ್ನ ಕಡೆ ನೋಡಿದಳು. ಪೆಟ್ಟಿಗೆ ನಮ್ಮಿಬ್ಬರದೂ ಅಂತ ಒಂದು ಮಾತು ಹೇಳಿದರೆ ಕಾಂತೇಶ ಉಳಿಯುತ್ತಾನೆ ಅಂತ ಅವಳಿಗೂ ಗೊತ್ತಿತ್ತು, ಹೇಳುವ ಧೈರ್ಯ ಅವಳಿಗಿರಲಿಲ್ಲ.

"ನಾನೇ ಕದ್ದಿದ್ದು," ಅಂದ ಕಾಂತೇಶ.

ಎಲ್ಲರೂ ಅವನತ್ತ ತಿರುಗಿದೆವು.

"ನಾನೇ. ಪಾಸ್‌ವರ್ಡ್ ಗೊತ್ತಿತ್ತು, ತಗ್ದು ಸುಟ್ಟಾಕ್ದೆ. ಸ್ಟೇಷನ್‌ಗೆ ನಡೀರಿ ಅಣ್ಣಾ."

"ಕೇಳುದ್ರಾ? ಕೇಳುದ್ರಾ ರಂಗಣ್ಣ?" ಅನಂತರಾಜು ಮೇಜು ಕುಟ್ಟಿದ.

ಆಗಲೇ ತನುಶ್ರೀ ಚೀರಿದಳು. "ಅಲ್ನೋಡಿ!"

ಮಾನಿಟರಿನಲ್ಲಿ ಕೋಟೆಯ ಬಾಗಿಲಿನಿಂದ ಒಬ್ಬಳು ನಡೆದು ಬರುತ್ತಿದ್ದಳು. ನೂರು ಕಣ್ಣಿನ ಸೆರಗು ನೆಲ ಗುಡಿಸುತ್ತಿತ್ತು. ತಲೆಯ ಮೇಲೆ ಇಂಗ್ಲಿಷ್ ಅಕ್ಷರದಲ್ಲಿ ಹೆಸರು: ಸವತಿ.

ನಾನು ಅಳತೆ ಪುಸ್ತಕ ಬಿಚ್ಚಿ ದೊಡ್ಡಗಂಗಮ್ಮನ ಸೀರೆ ಚೂರನ್ನು ಪರದೆಗೆ ಹಿಡಿದೆ. ಬದನೆಕಾಯಿ ಬಣ್ಣ, ತಾಮ್ರದ ಮಿಂಚು. ಎಳೆಗೆ ಎಳೆ ಕೂತಿತು. ನಾನೇ ಕೂಡಿಸಿದ ಬಣ್ಣ. ಅದೇ ಡ್ರೆಸ್ಸು.

"ಕೈ ಎತ್ತಿ ಎಲ್ರೂ!" ಅಂದೆ. ಹನ್ನೆರಡು ಕೈ ಮೇಲೆದ್ದವು. ಪುಟ್ಟರಂಗಯ್ಯನ ಎರಡು ತೆಂಗಿನಕಾಯಿಯೂ ಎದ್ದವು. ಕೀಬೋರ್ಡ್ ಮುಟ್ಟಿದವರು ಯಾರೂ ಇಲ್ಲ.

ಪರದೆಯ ಮೇಲೆ ಸವತಿ ತೇಜಸ್ವಿನಿಯ ಪಾತ್ರದ ಎದುರಿಗೆ ಬಂದು ನಿಂತಳು. ಟ್ರಯಲ್ ನೋಡಲು ಬಂದ ಹೆಂಗಸರು ಕನ್ನಡಿಯ ಮುಂದೆ ತಿರುಗುತ್ತಾರಲ್ಲ, ಹಾಗೆ ಒಂದು ಸುತ್ತು ತಿರುಗಿದಳು. ತಲೆಯ ಮೇಲೆ ಒಂದು ಸಾಲು ಮೂಡಿತು.

'ನಿಮ್ಮಪ್ಪ ಬಂದ್ರಾ?'

ಅನಂತರಾಜು ಫೋನಿಗೆ ಕೈ ಹಾಕಿದ. "ದಯಾನಂದನೇ! ಕುಣಿಗಲ್‌ನಲ್ಲಿ ಯಾವ್ದೋ ಸೈಬರ್‌ನಾಗೆ ಕೂತು ಆಡ್ತಾವ್ನೆ ಬಡ್ಡಿಮಗ."

ಅವನು ನಂಬರ್ ಒತ್ತುವ ಮೊದಲೇ ಇನ್ನೊಂದು ಸಾಲು.

'ಅವನಿಗೆ ಯಾಕೆ ಫೋನ್ ಮಾಡ್ತೀರಾ. ಅವನಲ್ಲ.'

ಬರೆಯುತ್ತಿದ್ದವರಿಗೆ ನಮ್ಮ ಮಾತು ಕೇಳಿಸುತ್ತಿತ್ತು.

ಮಿಕ್ಕವರೆಲ್ಲ ಮಾನಿಟರನ್ನೇ ನೋಡುತ್ತಿದ್ದರು. ನಾನು ನಿಧಾನವಾಗಿ ಹಿಂದೆ ತಿರುಗಿದೆ. ಎಂಟು ಕ್ಯಾಬಿನ್ನು, ಬಾಗಿಲಿಗೆ ಎಂಟು ಬಟ್ಟೆ ಪರದೆ. ಆ ಪರದೆಗಳನ್ನು ಹೊಲಿದವನು ನಾನೇ. ಒಳಗೆ ಕೂತವರ ಕಾಲು ಹೊರಗೆ ಕಾಣಬೇಕು ಅಂತ ಪೊಲೀಸರು ಹೇಳಿದ್ದಕ್ಕೆ ಎಲ್ಲವನ್ನೂ ಒಂದು ಮೊಳ ಗಿಡ್ಡ ಮಾಡಿದ್ದೆ.

ಏಳು ಪರದೆ ಪಕ್ಕಕ್ಕೆ ಸರಿದಿದ್ದವು. ಉಳಿದ ಒಂದು, 'ಮೌಸ್ ಕೆಟ್ಟಿದೆ' ಅಂತ ಚೀಟಿ ಅಂಟಿಸಿದ್ದ ಆರನೇ ನಂಬರಿನದು, ಮುಚ್ಚಿತ್ತು. ಕೆಳಗೆ ಎರಡು ಕಾಲು.

ಎಡಗಾಲಿನ ಚಪ್ಪಲಿಯ ಬಾರಿಗೆ ಮೆಷಿನ್ನಿನ ಹೊಲಿಗೆ. ಗಿಣಿ ಹಸಿರು ದಾರ.

ಎರಡು ತಿಂಗಳಿಂದ ಕತ್ತರಿ ಕಾಣದೆ ಬಿದ್ದಿದ್ದ ಚೂಡಿದಾರ್ ಪೀಸು ನನ್ನ ಕಣ್ಣ ಮುಂದೆ ಬಂತು. ಬೇರೆಯವರ ಮಗಳ ಇಲ್ಲದ ಬಟ್ಟೆಗೆ ಬಣ್ಣ ಕೂಡಿಸುತ್ತಾ ನಾನು ಕಳೆದ ಎರಡು ಮಧ್ಯಾಹ್ನಗಳೂ ಬಂದವು. ಆ ಎರಡು ದಿನವೂ ಅವಳು ನನ್ನ ಹಿಂದೆಯೇ ನಿಂತು ನೋಡುತ್ತಿದ್ದಳು.

"ರಂಗಣ್ಣ, ಯಾಕ್ ಹಂಗ್ ನಿಂತ್ರಿ? ಏನಾರ ಕಾಣ್ತಾ?" ಅನಂತರಾಜು ಕೇಳಿದ. ಅವನ ಇನ್ನೊಂದು ಕೈ ಕಾಂತೇಶನ ತೋಳು ಹಿಡಿದಿತ್ತು.

ಪರದೆ ಎಳೆದರೆ ಕಾಂತೇಶ ಕಳ್ಳನಲ್ಲ. ಎಳೆಯದಿದ್ದರೆ ನನ್ನ ಮಗಳು ಕಳ್ಳಿಯಲ್ಲ. ನಾನು ಆಗಲೇ ಅಲ್ಲಿಗೆ ನಡೆದಿದ್ದೆ; ಪರದೆಯ ಅಂಚು ನನ್ನ ಬೆರಳಿನಲ್ಲಿತ್ತು, ನನ್ನದೇ ಹೆಮ್ಮಿಂಗು.

ಇಷ್ಟು ಹೇಳಿ ನನ್ನ ಬಾಯಿ ಒಣಗಿತು. ಕೇಳಿದವರು ಒಂದು ಕೆಲಸ ಮಾಡಿ. ನಿಮ್ಮ ಫೋನಿನಲ್ಲಿ ಯಡಿಯೂರು ಕಡೆಯವರು, ಕುಣಿಗಲ್ ಕಡೆಯವರು ಯಾರಾದರೂ ಇದ್ದರೆ ಇದನ್ನು ಅವರಿಗೆ ಕಳಿಸಿ, ಅವರು ಇನ್ನೊಬ್ಬರಿಗೆ ಕಳಿಸಲಿ. ಆ ಹಸಿರು ದಾರದ ವಿಷಯ ಇವತ್ತಿನವರೆಗೂ ಕಾಂತೇಶನಿಗೆ ಗೊತ್ತಿಲ್ಲ. ನನ್ನ ಬಾಯಿಂದಲೇ ಅವನ ಕಿವಿಗೆ ಬೀಳಬೇಕು.